ಅರ್ಧ ಆಟದ ಶೂರ

ನನ್ನ ತಂಗಿಯನ್ನು ಕೇಳಿಕೊಂಡು ಬಂದ ಲೈನ್‌ಮನ್ನನ್ನು ನಾನು ಒಂದು ಇಡೀ ಆಷಾಢ ವಿಡಿಯೋ ಗೇಮಿನಲ್ಲಿ ಸೋಲಿಸಿದೆ. ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಸೋಲಿಸುವಾಗ ಆಗುತ್ತಿರಲಿಲ್ಲ.

ನಮ್ಮದು ಶನಿವಾರಸಂತೆಯಿಂದ ಒಳಕ್ಕೆ ಹೋಗುವ ಊರು. ಆರು ಎಕರೆ ಕಾಫಿ, ನಡುನಡುವೆ ಸಿಲ್ವರ್ ಮರ, ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿ. ಅಪ್ಪ ಹೋದ ಮೇಲೆ ಮನೆಯ ಯಜಮಾನಿಕೆ ನನ್ನ ತಲೆಗೆ ಬಂತು. ಆಗ ನನಗೆ ಮೂವತ್ತೇಳು, ಮದುವೆಯಿಲ್ಲ. ತೋಟ ನೋಡಿಕೊಳ್ಳುವ ಗಂಡು ಎಂದರೆ ಸಾಕು, ಹೆಣ್ಣಿನ ಕಡೆಯವರು ಕಾಫಿ ಕುಡಿದ ಲೋಟ ಕೆಳಗಿಡುವ ಮೊದಲೇ ಎದ್ದುಬಿಡುತ್ತಿದ್ದರು. ತಂಗಿಗೆ ಇಪ್ಪತ್ತೆಂಟು. ಸೊಸೈಟಿಯಲ್ಲಿ ಕಂಪ್ಯೂಟರ್ ಕೆಲಸ. ನನಗಿಂತ ಮೊದಲು ಅವಳ ಮದುವೆಯಾದರೆ ಊರವರು ನನ್ನ ಮುಖ ನೋಡಿ ನಗುತ್ತಾರೆ ಎನ್ನುವುದು ನನ್ನ ಹೊಟ್ಟೆಯೊಳಗಿನ ಉರಿ. ಬಾಯಲ್ಲಿ ಮಾತ್ರ ಬೇರೆ ಬೇರೆ ಕಾರಣ ಹೇಳುತ್ತಿದ್ದೆ.

ಲೈನ್‌ಮನ್ ವಿಜಯಪುರದ ಕಡೆಯವನು. ನಮ್ಮ ಜನವೇ ಆದ್ದರಿಂದ ಅಮ್ಮನಿಗೆ ತಕರಾರಿರಲಿಲ್ಲ. ನನಗಿತ್ತು. ಮೇ ತಿಂಗಳಲ್ಲೇ ಅವನಿಗೂ ನನಗೂ ಒಂದು ಜಗಳವಾಗಿತ್ತು. ಮಳೆಗೆ ಮುಂಚೆ ತಂತಿಗೆ ತಾಗುವ ಕೊಂಬೆ ಸವರುವುದು ಅವರ ಕೆಲಸ, ಸವರಗೊಡದೆ ಅಡ್ಡ ನಿಲ್ಲುವುದು ನಮ್ಮ ಕಡೆ ತೋಟದವರ ಕೆಲಸ. ಊರಿಗೆ ಹೋಗುವ ಲೈನು ನಮ್ಮ ತೋಟದ ಮೂಲಕವೇ ಹಾದುಹೋಗುತ್ತದೆ. ಗೇಟಿನ ಹತ್ತಿರದ ಒಂದು ಸಿಲ್ವರ್ ಮರ ಗಾಳಿ ಬೀಸಿದಾಗಲೆಲ್ಲ ಆ ತಂತಿಗೆ ಉಜ್ಜುತ್ತಿತ್ತು. ಅವನು ಏಣಿ ತಂದ. ಕೊಂಬೆ ಬಿದ್ದರೆ ನನ್ನ ಮೆಣಸಿನ ಬಳ್ಳಿ ಹರಿಯುತ್ತದೆ ಎಂದು ಕೂಗಾಡಿ ಏಣಿ ಸಮೇತ ಅವನನ್ನು ಗೇಟಿನಾಚೆ ಅಟ್ಟಿದೆ. ಅವನು ತಲೆಯಾಡಿಸಿ ಏಣಿಯನ್ನು ಹೆಗಲಿಗೇರಿಸಿಕೊಂಡು ಹೋದ. ಆ ತಾಳ್ಮೆ ಕಂಡೇ ನನಗೆ ಇನ್ನಷ್ಟು ಸಿಟ್ಟು ಬಂತು.

ಅದೇ ಮನುಷ್ಯ ಜೂನ್ ಕೊನೆಯ ಒಂದು ಭಾನುವಾರ ಸೇಬು, ಬಿಸ್ಕತ್ತು ಹಿಡಿದು ನಮ್ಮ ಜಗಲಿ ಹತ್ತಿದ. ತಂಗಿ ಬಾಗಿಲ ಬಳಿ ನಿಂತಿದ್ದಳು. ನೋಡಿದ ಕೂಡಲೇ ಎಲ್ಲ ತಿಳಿಯಿತು. ಅಮ್ಮ ಮೊದಲೇ ಒಪ್ಪಿಯಾಗಿತ್ತು, ನನ್ನ ಒಂದು ‘ಹೂಂ’ ಬಾಕಿ.

ಒಳಗೆ ಟಿವಿ ಮುಂದೆ ನನ್ನ ಗೇಮ್ ಸೆಟ್ಟು ಇತ್ತು. ಮಡಿಕೇರಿಯಲ್ಲಿ ಮುಚ್ಚಿಹೋದ ಒಂದು ಗೇಮ್ ಅಂಗಡಿಯಿಂದ ತಂದದ್ದು. ಕೊಡಗಿನಲ್ಲಿ ಹುಟ್ಟಿಯೂ ಹಾಕಿ ಕೋಲು ಹಿಡಿಯಲು ಬಾರದ ನಾನು ಫುಟ್‌ಬಾಲ್ ಗೇಮಿನಲ್ಲಿ ಮಾತ್ರ ಗಟ್ಟಿಗ. ಅವನನ್ನು ಅವಮಾನ ಮಾಡಬೇಕೆಂದೇ ಕೇಳಿದೆ, "ಏನ್ರೀ ಲೈನ್‌ಮನ್ರೇ, ಇದು ಆಡಕ್ಕೆ ಬರ್ತದಾ?"

"ಫೋನಿನ್ಯಾಗ ಆಡ್ತೇನ್ರಿ ಅಣ್ಣಾರ."

"ಹಂಗಾರೆ ಒಂದೇ ಒಂದು ಮ್ಯಾಚಲ್ಲಿ ನನ್ನ ಸೋಲ್ಸಿ. ಮದ್ವೆ ಮಾತು ಆಮೇಲೆ."

ಮಾನವಂತನಾಗಿದ್ದರೆ ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಕೈ ಒರೆಸಿಕೊಂಡು ಕಂಟ್ರೋಲರ್ ತೆಗೆದುಕೊಂಡ. ತಂಗಿ ಬಾಗಿಲಿನಿಂದಲೇ ಸಿಡಿದಳು, "ನಾನೇನ್ ಶೀಲ್ಡಾ ಅಣ್ಣ, ಗೆದ್ದೋರು ಎತ್ಕೊಂಡು ಹೋಗಕ್ಕೆ?"

ನನ್ನ ಆಟದ ಬಗೆ ಹೇಳಬೇಕು. ಸಾಮಾನ್ಯವಾಗಿ ಎದುರಾಳಿಯ ಹತ್ತಿರ ಚೆಂಡಿದ್ದರೆ ನಮ್ಮವರು ಹಿಂದೆ ಸರಿದು ಗೋಲಿನ ಮುಂದೆ ಕಾವಲು ನಿಲ್ಲುತ್ತಾರೆ. ನಾನು ಹಾಗಲ್ಲ. ಹೈ ಪ್ರೆಸ್. ಗೋಲ್‌ಕೀಪರ್ ಒಬ್ಬನನ್ನು ಬಿಟ್ಟು ಉಳಿದ ಹತ್ತೂ ಮಂದಿಯನ್ನು ಎದುರಾಳಿಯ ಗೋಲಿನ ತನಕ ಅಟ್ಟುವುದು, ಅವನ ಆಟಗಾರ ಚೆಂಡು ಮುಟ್ಟಿದ ಕೂಡಲೇ ಮೂವರು ಮೈಮೇಲೆ ಬೀಳುವುದು. ಎದುರಿನವನಿಗೆ ಉಸಿರಾಡಲು ಬಿಡುವುದಿಲ್ಲ, ಗಾಬರಿಯಲ್ಲಿ ಚೆಂಡನ್ನು ಅವನೇ ನಮ್ಮ ಕಾಲಿಗೆ ಕೊಡುತ್ತಾನೆ. ಇದಕ್ಕೆ ಬೆಲೆಯೂ ಇದೆ. ಹಾಗೆ ಓಡಿದವರು ಆಟದ ಗಡಿಯಾರದ ತೊಂಬತ್ತರಲ್ಲಿ ಅರವತ್ತನೇ ನಿಮಿಷಕ್ಕೆ ಸುಸ್ತು, ಬೆನ್ನ ಹಿಂದೆ ಅರ್ಧ ಮೈದಾನ ಖಾಲಿ. ತಿಳಿದವರು ಅಳೆದು ತೂಗಿ ಒತ್ತುತ್ತಾರೆ.

ನಾನು ಅಳೆಯಬೇಕಾಗಿರಲಿಲ್ಲ. ನಮ್ಮ ಮಳೆಗಾಲದಲ್ಲಿ ಅರವತ್ತನೇ ನಿಮಿಷ ಬರುವುದೇ ಇಲ್ಲ, ಅಷ್ಟರೊಳಗೆ ಕರೆಂಟು ಹೋಗುತ್ತದೆ. ಮೊದಲ ಮ್ಯಾಚಿನಲ್ಲಿ ಹಾಗೇ ಆಯಿತು. ಹತ್ತು ನಿಮಿಷದಲ್ಲಿ ನನ್ನದೊಂದು ಗೋಲು, ಆಮೇಲೊಂದು ಗಾಳಿ, ಸಿಲ್ವರ್ ಮರ ತಂತಿಗೆ ಉಜ್ಜಿತು, ಟಿವಿ ಕಪ್ಪಾಯಿತು. ಎರಡು ನಿಮಿಷ ಕಳೆದಿರಲಿಲ್ಲ, ಅವನ ಫೋನು ಬಡಿದುಕೊಳ್ಳತೊಡಗಿತು. ಮೊದಲು ಅಕ್ಕಿ ಮಿಲ್ಲಿನವನು, ಆಮೇಲೆ ಡೇರಿಯವನು. ಭಾನುವಾರದ ರಜೆ ಅವನಿಗೆ ಹೆಸರಿಗಷ್ಟೇ. ರೇನ್‌ಕೋಟು ಹಾಕಿಕೊಂಡು ಹೊರಟವನಿಗೆ ಹಿಂದಿನಿಂದ ಕೂಗಿ ಹೇಳಿದೆ, "ಕರೆಂಟ್ ಹೋದಾಗ ಎಷ್ಟಿರ್ತದೋ ಅಷ್ಟೇ ಲೆಕ್ಕ! ಒಂದು–ಸೊನ್ನೆ!"

"ಆತ್ರಿ," ಎಂದ.

ಆ ರೂಲು ಅಂದಿನಿಂದ ಶಾಸನವಾಯಿತು. ಮುಂದಿನ ವಾರ ನಾನು ಆಟದ ಒಂದೊಂದು ಅರ್ಧವನ್ನೂ ನಮ್ಮ ಗೋಡೆ ಗಡಿಯಾರದ ಹದಿನೈದು ನಿಮಿಷಕ್ಕೆ ಏರಿಸಿದೆ, ಮ್ಯಾಚು ಮುಗಿಯುವುದೇ ಬೇಡ ಎಂದು. ಮೊದಲನೆಯದೂ ಸೇರಿ ನಾಲ್ಕು ಭಾನುವಾರ ಅವನು ಬಂದ. ನಾಲ್ಕೂ ಸಲ ನನ್ನ ಹತ್ತು ಮಂದಿ ಹಸಿದ ನಾಯಿಗಳಂತೆ ಮೇಲೆ ಬಿದ್ದರು, ಒಂದೋ ಎರಡೋ ಗೋಲು, ಕರೆಂಟು ಮಾಯ. ಅವನು ಎದ್ದು ಮಳೆಗೆ ಇಳಿಯುತ್ತಿದ್ದ, ನನ್ನ ಮರ ಕೆಡಿಸಿದ ಲೈನನ್ನು ಸರಿಮಾಡಲು. ಒಮ್ಮೆ ನಮ್ಮ ಗೇಟಿನ ಕಂಬವನ್ನೇ ಹತ್ತಿದ್ದ. ನಾನು ಕಿಟಕಿಯಲ್ಲಿ ಕೂತು ಹಲಸಿನ ಹಪ್ಪಳ ಮುರಿಯುತ್ತ ನೋಡಿದೆ. ಹೌದು, ಖುಷಿಪಟ್ಟೆ. ತಂಗಿ ಬಂದು ತಟ್ಟೆಯನ್ನು ಕಿತ್ತುಕೊಂಡು ಹೋದಳು.

ಅವನ ಕಾಲಿಗೆ ಹತ್ತಿದ ಜಿಗಣೆಗೆ ಅಮ್ಮ ಉಪ್ಪು ತಂದುಕೊಟ್ಟರೂ ನನಗೆ ಸಹಿಸಲಾಗುತ್ತಿರಲಿಲ್ಲ. ಜಗಲಿಯಲ್ಲಿ ಅವನ ಹೆಲ್ಮೆಟ್ಟು, ರಬ್ಬರ್ ಗ್ಲೌಸು ಕಂಡರೆ ಒದೆಯಬೇಕೆನಿಸುತ್ತಿತ್ತು. ತಂಗಿ ನನ್ನ ಜೊತೆ ಮಾತು ಬಿಟ್ಟಿದ್ದಳು, ಊಟದ ತಟ್ಟೆ ತಂದು ಮುಂದೆ ಕುಕ್ಕಿ ಹೋಗುತ್ತಿದ್ದಳು. ನಾಲ್ಕನೇ ಸೋಲಿನ ಮರುದಿನ ಮಾತ್ರ ಎದುರು ಬಂದು ನಿಂತಳು.

"ಅಪ್ಪ ಇದ್ದಿದ್ರೆ ಅಪ್ಪನ್ನ ಕೇಳ್ತಿದ್ದೆ. ಇಲ್ಲ, ಅದಕ್ಕೇ ನಿನ್ನ ಬಾಯಿಂದ ಹೂಂ ಬರ್ಲಿ ಅಂತ ಕಾಯ್ತಿದೀನಿ. ಆಷಾಢ ಮುಗಿಯೋ ತನ್ಕ ಕಾಯ್ತೀನಿ ಅಣ್ಣ. ಆಮೇಲೆ ಕಾಯಲ್ಲ."

"ಅವನಿಗೆ ಗೆಲ್ಲಕ್ಕೆ ಹೇಳು," ಎಂದೆ.

ಆಷಾಢದ ಕೊನೆಯ ಭಾನುವಾರ. ಹಿಂದಿನ ದಿನ ಗೊಬ್ಬರಕ್ಕೆಂದು ಸೋಮವಾರಪೇಟೆಗೆ ಹೋಗಿ ಕತ್ತಲಾಗುವ ಹೊತ್ತಿಗೆ ಬಂದಿದ್ದೆ. ಬೆಳಗಿನಿಂದಲೂ ಗಾಳಿ ಮಳೆ, ಕಾಫಿ ಗಿಡಗಳು ನೆಲಕ್ಕೆ ಬಗ್ಗುತ್ತಿದ್ದವು. ಇಂಥ ಗಾಳಿಗೆ ಐದು ನಿಮಿಷವೂ ಕರೆಂಟು ನಿಲ್ಲದು ಎಂದು ನಾನು ಒಳಗೊಳಗೇ ಹಿಗ್ಗಿದೆ. ಮಧ್ಯಾಹ್ನ ಊಟವಾದ ಮೇಲೆ ಅವನು ಬಂದ. ಶುರುವಿನಲ್ಲೇ ಎಲ್ಲರನ್ನೂ ಮುಂದೆ ಅಟ್ಟಿದೆ. ಆಟದ ಗಡಿಯಾರದ ಇಪ್ಪತ್ತನೇ ನಿಮಿಷಕ್ಕೆ ಗೋಲು. ನಂತರ ತಲೆ ಎತ್ತಿ ಬಲ್ಬನ್ನು ನೋಡಿದೆ. ಅದು ಮಿಣುಕಲೂ ಇಲ್ಲ.

ಮೊದಲರ್ಧ ಮುಗಿಯಿತು. ಅಲ್ಲಿಯ ತನಕ ಅವನೊಡನೆ ನಾನು ಎಂದೂ ಹೋಗಿರಲಿಲ್ಲ. ಎರಡನೇ ಅರ್ಧದಲ್ಲಿ ನನ್ನವರ ಓಟ ನಡಿಗೆಯಾಯಿತು. ಗುಂಡಿ ಒತ್ತಿ ಒತ್ತಿ ನನ್ನ ಹೆಬ್ಬೆರಳು ನೋಯುತ್ತಿತ್ತು, ಅವರು ಮಾತ್ರ ಏಳುತ್ತಿರಲಿಲ್ಲ. ಹಿಂದೆ ಸರಿಸಿ ಕಾವಲು ನಿಲ್ಲಿಸಬಹುದಿತ್ತು. ಅದನ್ನು ನಾನು ಕಲಿತೇ ಇರಲಿಲ್ಲ. ಅವನು ಅವಸರವಿಲ್ಲದೆ, ಕಂಬ ಹತ್ತಿದ ಹಾಗೆ ಒಂದೊಂದೇ ಹೆಜ್ಜೆಯಲ್ಲಿ, ನನ್ನವರ ತಲೆ ಮೇಲಿಂದ ಚೆಂಡು ಹಾಕಿ ಖಾಲಿ ಜಾಗಕ್ಕೆ ಓಡಿಸಿದ. ಒಂದು–ಒಂದು. ಹತ್ತು ನಿಮಿಷ ಬಿಟ್ಟು ಮತ್ತೆ ಹಾಗೆಯೇ. ಅವನು ಎರಡು, ನಾನು ಒಂದು.

ಬಾಗಿಲಲ್ಲಿ ಅಮ್ಮನೂ ತಂಗಿಯೂ ಬಂದು ನಿಂತಿದ್ದರು. "ನೀರು ಕುಡ್ದು ಬರ್ತೀನಿ," ಎಂದು ಎದ್ದೆ. ಅವನು ಆಟ ನಿಲ್ಲಿಸಿ ಕಾಯುತ್ತ ಕೂತ. ನಡುಮನೆಯ ಗೋಡೆಯಲ್ಲಿ ಮೇನ್ ಸ್ವಿಚ್ ಇದೆ. ಅದನ್ನು ಕೆಳಗೆ ಎಳೆದೆ.

"ಹೋಯ್ತು! ಕರೆಂಟ್ ಹೋಯ್ತು!" ಎಂದು ಕೂಗುತ್ತ ಒಳಗೆ ಬಂದೆ. ಅವನು ಜೇಬಿನಿಂದ ಫೋನು ತೆಗೆದು ಟೀಪಾಯಿಯ ಮೇಲಿಟ್ಟ. ನಾವು ನಾಲ್ವರೂ ಅದನ್ನೇ ನೋಡುತ್ತ ಉಳಿದೆವು. ಮಿಲ್ಲಿನವನು ಫೋನ್ ಮಾಡಲಿಲ್ಲ. ಡೇರಿಯವನು ಮಾಡಲಿಲ್ಲ. ಐದು ನಿಮಿಷವಾದರೂ ಆ ಹಾಳು ಫೋನು ಬಡಿಯಲೇ ಇಲ್ಲ. ಹೆಂಚಿನ ಮೇಲೆ ಮಳೆ ಹೊಡೆಯುವ ಸದ್ದೊಂದೇ.

ಕೊನೆಗೆ ಅವನೇ ಬಾಯಿಬಿಟ್ಟ. "ಎರಡು–ಒಂದು ಇತ್ರಿ ಅಣ್ಣಾರ. ಕರೆಂಟ್ ಹ್ವಾದಾಗ ಎಷ್ಟ್ ಇರ್ತೈತೋ ಅಷ್ಟ. ನಿಮ್ದ ರೂಲ್ ಐತ್ರಿ."

ಆಗ ಹೊಳೆಯಿತು. ಕರೆಂಟು ಹೋದರೆ ಗೆಲುವು ನನ್ನದು ಎಂಬ ರೂಢಿ ಎಷ್ಟು ಬಲಿತಿತ್ತೆಂದರೆ, ಸೋಲುತ್ತಿರುವಾಗಲೂ ನಾನೇ ಹೋಗಿ ಸ್ವಿಚ್ ಎಳೆದು ನನ್ನ ಸೋಲಿಗೆ ನಾನೇ ಮೊಹರು ಒತ್ತಿದ್ದೆ. ಅವನು ನಗಲಿಲ್ಲ. ನಕ್ಕಿದ್ದರೆ ಹೊಡೆಯಬಹುದಿತ್ತು.

"ಮರ ಕಡ್ದಿದ್ಯಾರು?" ಎಂದು ಅರಚಿದೆ. "ಈ ಗಾಳಿಗೆ ಲೈನು ನಿಲ್ಲಕ್ಕೆ ಸಾಧ್ಯನೇ ಇಲ್ಲ. ನನ್ನ ಮರಕ್ಕೆ ಕೈ ಹಾಕಿದ್ಯಾರು?"

"ನಾನು ಹೇಳ್ದೆ, ಅವ್ರು ಸವರಿದ್ರು," ತಂಗಿ ಎಂದಳು. "ನಿನ್ನೆ. ಏಣಿ ಹಿಡ್ಕೊಂಡು ನಿಂತಿದ್ದು ನಾನೇ. ಕೊಂಬೆಗೆ ಹಗ್ಗ ಕಟ್ಟಿ ಇಳ್ಸಿದೀವಿ. ನಿನ್ನ ಬಳ್ಳಿ ಒಂದೆಲೆ ಹರ್ದಿಲ್ಲ, ಹೋಗಿ ನೋಡು." ಅವಳು ನಡುಮನೆಗೆ ಹೋಗಿ ಸ್ವಿಚ್ ಮೇಲೆತ್ತಿದಳು. ಬಲ್ಬು ಹತ್ತಿತು.

ಆಗಲಾದರೂ ಹೂಂ ಎನ್ನಬಹುದಿತ್ತು. ಅಮ್ಮ ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಎದ್ದು ನಿಂತಿದ್ದ. ಒಂದು ಅಕ್ಷರ ಸಾಕಾಗಿತ್ತು. ನಾನು ಹೇಳಿದ್ದು, "ಇದು ಮೋಸ. ಈ ಮ್ಯಾಚು ಲೆಕ್ಕಕ್ಕಿಲ್ಲ."

"ಆಯ್ತು ಅಣ್ಣ," ಎಂದಳು ತಂಗಿ. ಸಿಟ್ಟೂ ಇಲ್ಲದ, ಅಳುವೂ ಇಲ್ಲದ ದನಿ. ಅವನನ್ನು ಗೇಟಿನ ತನಕ ಕಳಿಸಿ ಬಂದು ಪಾತ್ರೆ ತೊಳೆಯಲು ಕೂತಳು.

ಶ್ರಾವಣದ ಎರಡನೇ ವಾರ, ಬೆಳಗಿನ ಕಾಫಿ ಕುಡಿಯುತ್ತ ಜಗಲಿಯಲ್ಲಿ ಕೂತಿದ್ದೆ. ತಂಗಿ ಸೀರೆಯುಟ್ಟು ಬಂದಳು, ಕೈಯಲ್ಲಿ ತಟ್ಟೆ. ತಟ್ಟೆಯಲ್ಲಿ ಕುಂಕುಮ, ಅಕ್ಷತೆ, ಮೇಲೊಂದು ಲಗ್ನಪತ್ರಿಕೆ. ಕರೆಯುವವರ ಜಾಗದಲ್ಲಿ ಅಮ್ಮನ ಹೆಸರಿತ್ತು, ಚಿಕ್ಕಪ್ಪನದಿತ್ತು. ನನ್ನದು ಎಲ್ಲೂ ಇರಲಿಲ್ಲ. ಮನೆಯವರಿಗೆ ಯಾರೂ ಪತ್ರಿಕೆ ಕೊಟ್ಟು ಕರೆಯುವುದಿಲ್ಲ, ಕೊಡುವುದು ಹೊರಗಿನವರಿಗೆ. ಅವಳು ಬಗ್ಗಿ ಎರಡೂ ಕೈಯಲ್ಲಿ ಪತ್ರಿಕೆಯನ್ನು ನನಗೆ ಕೊಟ್ಟಳು. ಹುಟ್ಟಿದಾಗಿನಿಂದ ನನ್ನನ್ನು ‘ನೀನು’ ಎಂದೇ ಕರೆದವಳು.

"ತಪ್ಪದೆ ಬನ್ನಿ," ಎಂದಳು.