ಗಾಜಿಗಿಟ್ಟ ಬೊಟ್ಟು

ಒಂದು ಗುಟ್ಟು ಹೇಳುತ್ತೇನೆ, ನಗಬೇಡಿ. ಜೆರಾಕ್ಸ್ ಅಂಗಡಿಯವನು ಮೆಷಿನ್ನಿನ ಮುಚ್ಚಳ ಎತ್ತಿದರೆ ಸಾಕು, ನನ್ನ ಕತ್ತು ತಾನಾಗಿ ಮುಂದಕ್ಕೆ ಚಾಚಿಕೊಳ್ಳುತ್ತದೆ. ಒಳಗಿನ ಗಾಜು ಚೊಕ್ಕಟವಾಗಿದೆಯೇ ಎಂದು ನೋಡಿಕೊಂಡ ಮೇಲೆಯೇ ನನಗೆ ಸಮಾಧಾನ. "ಏನ್ ಮೇಡಂ, ಏನಾದ್ರೂ ಕಳ್ಕೊಂಡ್ರಾ?" ಎಂದು ಒಬ್ಬ ಕೇಳಿಯೂ ಇದ್ದ. ಕಳೆದುಕೊಳ್ಳಲಿಲ್ಲಪ್ಪ, ಕೂದಲೆಳೆಯಲ್ಲಿ ಉಳಿಸಿಕೊಂಡೆ ಎಂದು ಅವನಿಗೆ ಹೇಳುವಷ್ಟು ಪುರುಸೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಓದುತ್ತಿದ್ದ ಕಮರ್ಷಿಯಲ್ ಪ್ರಾಕ್ಟೀಸ್ ಡಿಪ್ಲೊಮಾದಲ್ಲಿ ಎರಡು ವರ್ಷ ಪಾಠ ಕೇಳಿದ ಮೇಲೆ ಒಂದು ವರ್ಷ ಪೂರ್ತಿ ಯಾವುದಾದರೂ ಕಂಪನಿಯಲ್ಲಿ ಕೂತು ಕೆಲಸ ಕಲಿಯಬೇಕಿತ್ತು. ನಾಲ್ಕು ತಿಂಗಳಿಗೊಮ್ಮೆ ಕಂಪನಿಯ ಮುಖ್ಯಸ್ಥರು ಒಂದು ಫಾರಂ ತುಂಬಿ, ಈ ಹುಡುಗಿ ಪರವಾಗಿಲ್ಲ ಎನ್ನುವ ಅರ್ಥದ ಇಂಗ್ಲಿಷ್ ಬರೆದು ಸಹಿ ಹಾಕಬೇಕು. ಸಹಿ ಬೀಳದಿದ್ದರೆ ಮನೆಗೆ ವಾಪಸು. ಆ ವರ್ಷ ಸೊನ್ನೆ. ಮುಂದಿನ ವರ್ಷ ಜೂನಿಯರ್ ಹುಡುಗಿಯರ ಜೊತೆ ಮತ್ತೆ ಮೊದಲಿನಿಂದ.

ನನಗೆ ಸಿಕ್ಕಿದ್ದು ಇಂದಿರಾನಗರದ ಒಂದು ಕಂಪನಿ. ಕಾರ್ಖಾನೆಗಳಿಗೆ ಲಾರಿಗಟ್ಟಲೆ ಸರಕು ತೂಗುವ ಯಂತ್ರಗಳನ್ನು ಮಾರುತ್ತಿದ್ದರು. ಜೂನ್ ತಿಂಗಳ ಒಂದು ಸೋಮವಾರ, ಇಸ್ತ್ರಿ ಮಾಡಿದ ಚೂಡಿದಾರ ಹಾಕಿಕೊಂಡು ರಾಮಮೂರ್ತಿ ನಗರದಲ್ಲಿ ಬಸ್ಸು ಹತ್ತಿ, ಟಿನ್ ಫ್ಯಾಕ್ಟರಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಬಸ್ಸಿನಲ್ಲಿ ಯಾರ ಕಾಲೂ ನೆಲದ ಮೇಲಿರಲಿಲ್ಲ ಎನ್ನುವುದು ಬೇರೆ ಮಾತು. ನಮ್ಮ ಮನೆಯ ಸಾಲಿನ ಬಾಡಿಗೆ ಕೋಣೆಯಲ್ಲಿದ್ದ ಕಲಬುರಗಿ ಕಡೆಯ ಶರಣಮ್ಮ, "ನಮ್ಮ ಅಕ್ಕಾರು ಕಂಪನಿ ಸೇರ್ಯಾರ ನೋಡ್ರಿ" ಎಂದು ನಲ್ಲಿಯ ಹತ್ತಿರ ಸಾರಿದ್ದೇ ಸಾರಿದ್ದು. ನಾನೂ ಕಂಪನಿಯ ಫೋನ್ ನಂಬರನ್ನು ಕೇಳಿದವರಿಗೂ ಕೇಳದವರಿಗೂ ಹಂಚಿದೆ.

ಒಳಗೆ ಹೋದ ಮೇಲೆ ತಿಳಿಯಿತು, ತರಬೇತಿಗೆ ಬಂದವಳು ಅತಿಥಿಯೂ ಅಲ್ಲ, ನೌಕರಳೂ ಅಲ್ಲ. ತ್ರಿಶಂಕುವಿಗಾದರೂ ಅವನದೇ ಒಂದು ಸ್ವರ್ಗವಿತ್ತು, ನನಗೆ ನನ್ನದೇ ಆದ ಕುರ್ಚಿಯೂ ಇರಲಿಲ್ಲ. ಅಂದು ಯಾರು ರಜೆಯೋ ಅವರ ಕುರ್ಚಿ ನನ್ನದು. ಒಬ್ಬರಿಗೆ ಜ್ವರ ಬಂದರೆ ಸೇಲ್ಸ್ ವಿಭಾಗ, ಇನ್ನೊಬ್ಬರ ಮೈದುನನ ಮದುವೆಯಾದರೆ ಅಕೌಂಟ್ಸ್. ಹೀಗೆ ಇನ್ನೊಬ್ಬರ ಕಷ್ಟಸುಖಗಳ ಮೇಲೆ ಓಡಾಡಿಕೊಂಡು ಇಡೀ ಆಫೀಸನ್ನು ಕೂತು ನೋಡಿದವಳು ನಾನೊಬ್ಬಳೇ. ತಿರುಗುವ ಕುರ್ಚಿ ಸಿಕ್ಕಿದ ದಿನ ಯಾರೂ ಇಲ್ಲದಾಗ ಮೂರು ಸುತ್ತು ತಿರುಗಿದ್ದೂ ಉಂಟು.

ಆಯುಧ ಪೂಜೆ ಬಂತು. ಜನರಲ್ ಮ್ಯಾನೇಜರ್ ಭಾಟಿಯಾ ಸಾಹೇಬರು ದೆಹಲಿಯವರು. ಗಂಭೀರ ಮನುಷ್ಯ, ಅವರು ನಕ್ಕದ್ದನ್ನು ಕಂಡವರಿರಲಿಲ್ಲ. ಪೂಜೆಯನ್ನೆಲ್ಲ ಅವರು ಅಟೆಂಡರ್ ಸೆಲ್ವರಾಜಣ್ಣನಿಗೆ ಬಿಟ್ಟಿದ್ದರು. ಹಲಸೂರಿನ ಸೆಲ್ವರಾಜಣ್ಣ ಆ ಕಂಪನಿಯ ಬಾಗಿಲು ತೆರೆದ ದಿನದಿಂದ ಇದ್ದವರು. ಶಿವಾಜಿನಗರದ ಮಾರ್ಕೆಟ್ಟಿನಿಂದ ಹೂವು ತಂದು ನನ್ನ ಮುಂದೆ ಸುರಿದು, "ಏಮ್ಮಾ, ಮಾಲೆ ನಾನ್ ಹಾಕ್ತೀನಿ. ಬೊಟ್ಟೆಲ್ಲಾ ನೀನೇ ಇಟ್ಬುಡು. ಒಂದ್ ಮೆಷಿನ್ನೂ ಬಿಡ್ಬಾರ್ದು, ಆಮೇಲೆ ಕೋಪ ಮಾಡ್ಕೊಂಡು ಕೆಟ್ಟೋಗ್ತವೆ" ಎಂದರು.

ಬೊಟ್ಟಿಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಬಾಡಿಗೆ ಕೋಣೆಗಳನ್ನು ಬೆಳೆಸಿದ ಮೇಲೂ ನಮ್ಮಪ್ಪ ನೇಗಿಲು, ಗುದ್ದಲಿ, ಕುಡುಗೋಲುಗಳನ್ನು ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಅವೆಲ್ಲ ತೊಳೆಸಿಕೊಂಡು ಅಂಗಳದಲ್ಲಿ ಸಾಲಾಗಿ ಕೂರುತ್ತಿದ್ದವು. ನಾನು ಚಿಕ್ಕವಳಿದ್ದಾಗ ಕುಡುಗೋಲಿನ ಹಿಡಿಗೆ ಬೊಟ್ಟಿಟ್ಟು ಬೈಸಿಕೊಂಡಿದ್ದೆ. "ಹಿಡಿಗಲ್ಲ ಕಣೇ. ಕೆಲ್ಸ ಮಾಡೋ ಜಾಗಕ್ಕಿಡ್ಬೇಕು" ಎಂದು ಅಪ್ಪ ನನ್ನ ಬೆರಳು ಹಿಡಿದು ಅಲಗಿನ ಮೇಲೆ ಇಡಿಸಿದ್ದರು. ಗುದ್ದಲಿಗೆ ಬಾಯಿ, ಒನಕೆಗೆ ಮೂತಿ, ಬೀಸುಕಲ್ಲಿಗೆ ಹೊಟ್ಟೆ. ಇದು ನಮ್ಮ ಮನೆಯ ಶಾಸ್ತ್ರ.

ಅದೇ ಶಾಸ್ತ್ರ ಹೊತ್ತು ನಾನು ಆಫೀಸು ಸುತ್ತಿದೆ. ಟೆಲಿಫೋನಿಗೆ ಮಾತಾಡುವ ಕಡೆ. ಸ್ಟೇಪ್ಲರಿಗೆ ಹಲ್ಲಿನ ಮೇಲೆ. ಕ್ಯಾಲ್ಕುಲೇಟರಿನ ಮುಂದೆ ಸ್ವಲ್ಪ ಹೊತ್ತು ಯೋಚಿಸಿ, ಉತ್ತರ ಕೊಡುವ ಗುಂಡಿಗೇ ಇಟ್ಟೆ. ಭಾಟಿಯಾ ಸಾಹೇಬರ ಕೋಣೆಯಲ್ಲಿ ಮಾತ್ರ ತೊಡಕಿಗೆ ಸಿಕ್ಕಿದೆ. ಜನರಲ್ ಮ್ಯಾನೇಜರ್ ಎನ್ನುವ ಹುದ್ದೆಯಲ್ಲಿ ಕೆಲಸ ಮಾಡುವ ಜಾಗ ಯಾವುದು? ಮೇಜೇ, ಕುರ್ಚಿಯೇ, ಪೆನ್ನೇ? ಈ ಪ್ರಶ್ನೆಗೆ ನನಗೆ ಇಂದಿಗೂ ಉತ್ತರ ಸಿಕ್ಕಿಲ್ಲ, ಆಮೇಲೆ ಎಷ್ಟೋ ಮ್ಯಾನೇಜರುಗಳನ್ನು ನೋಡಿದ್ದೇನೆ. ಅಂದು ಕಾಲಿಂಗ್ ಬೆಲ್ಲಿಗೆ ಇಟ್ಟು ಹೊರಬಂದೆ.

ಕೊನೆಗೆ ಜೆರಾಕ್ಸ್ ಮೆಷಿನ್. ಅದರ ಮುಚ್ಚಳದ ಮೇಲೆ ಬೊಟ್ಟಿಡಲು ಹೋದ ಕೈ ನಿಂತಿತು. ಮುಚ್ಚಳ ಏನು ಕೆಲಸ ಮಾಡುತ್ತದೆ, ಪಾಪ? ಮುಚ್ಚಳ ಎತ್ತಿದೆ. ಒಳಗೆ ಗಾಜು. ಗಂಧ ತೇಯ್ದು ನಡುಮಧ್ಯಕ್ಕೆ ಒಂದು ಬೊಟ್ಟು, ಅದರ ಮೇಲೆ ಕುಂಕುಮ. ಒಣಗಿದ ಮೇಲೆ ಮೂಗುತಿ ಹರಳಿನ ಹಾಗೆ ಗಟ್ಟಿಯಾಗಿ ಕೂತಿತು. ಮುಚ್ಚಿ, ಕೈಮುಗಿದು ಬಂದೆ.

ಹಬ್ಬದ ರಜೆ ಮುಗಿಸಿ ಬಂದ ದಿನ ಆಫೀಸಿನಲ್ಲಿ ಓಡಾಟ. ಹೊಸ ತಿಪ್ಪಸಂದ್ರದ ಪಕ್ಕದ ದೊಡ್ಡ ಕಾರ್ಖಾನೆಯೊಂದಕ್ಕೆ ಅಂದೇ ಟೆಂಡರ್ ಕೊಡಬೇಕು. ಸಾಹೇಬರು ಪುಟಪುಟಕ್ಕೂ ಸಹಿ ಮಾಡಿದ ನಲವತ್ತು ಹಾಳೆ, ಅದರ ಎರಡು ಜೆರಾಕ್ಸ್ ಪ್ರತಿ. ಸೆಲ್ವರಾಜಣ್ಣ ಬ್ಯಾಂಕಿಗೆ ಹೋಗಿದ್ದರಿಂದ ಅದುವರೆಗೆ ಬೊಟ್ಟಿಡಲಷ್ಟೇ ನಾನು ಮುಟ್ಟಿದ್ದ ಆ ಮೆಷಿನ್ ನನ್ನ ಪಾಲಿಗೆ ಬಂತು. ನಲವತ್ತು ಸಲ ಮುಚ್ಚಳ ಎತ್ತಿದೆ. ನಲವತ್ತು ಸಲ ಆ ಬೊಟ್ಟು ನೋಡಿದೆ. ನಲವತ್ತು ಸಲವೂ, ಆಹಾ, ಎಷ್ಟು ಲಕ್ಷಣವಾಗಿದೆ ಎಂದು ಹಿಗ್ಗಿದೆ. ಅಳಿಸಿಹೋಗದಿರಲಿ ಎಂದು ಹಾಳೆಯನ್ನು ಹಗುರವಾಗಿ ಹಾಸುತ್ತಿದ್ದೆ. ಮೆಷಿನ್ ಕಾಗದವನ್ನು ಮಾತ್ರ ನೋಡುತ್ತದೆ, ದೇವರ ವಿಷಯಕ್ಕೆ ಬರುವುದಿಲ್ಲ ಎಂದೇ ನನ್ನ ನಂಬಿಕೆ. ಪ್ರತಿಗಳು ಮಗುಚಿಕೊಂಡು ಹೊರಬಂದವು, ಹಾಗೇ ಜೋಡಿಸಿ, ದಾರ ಕಟ್ಟಿ, ಅರಗು ಹಾಕಿ ಕಳಿಸಿಬಿಟ್ಟೆ.

ಮಾರನೆಯ ದಿನ ಕಾಲೇಜಿನ ಫಾರಮ್ಮಿಗೆ ಒಂದು ಪ್ರತಿ ಇರಲಿ ಎಂದು ಅದನ್ನು ಜೆರಾಕ್ಸ್ ಮಾಡಿ ತಿರುಗಿಸಿ ನೋಡಿದೆ. ನಟ್ಟನಡುವೆ ಕಾಸಗಲದ ಕಪ್ಪು ಬೊಟ್ಟು. ನಲವತ್ತು ಎರಡಲೆ ಎಂಬತ್ತು ಎಂದು ಮನಸ್ಸು ತಾನಾಗಿ ಮಗ್ಗಿ ಹೇಳಿತು.

ಸೆಲ್ವರಾಜಣ್ಣನ ಮುಂದೆ ಅಳುವುದೊಂದು ಬಾಕಿ. ಅವರು ಗಾಜನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತ, "ಸುಮ್ನಿರಮ್ಮಾ. ನಲವತ್ತು ಪೇಜು ಯಾರ್ ಓದ್ತಾರೆ? ಬಾಯ್ ಮಾತ್ರ ಬಿಡ್ಬೇಡ" ಎಂದರು. ನಾನು ಬಾಯಿ ಬಿಡಬೇಕೆಂದೇ ಮೂರು ಸಲ ಸಾಹೇಬರ ಕೋಣೆಗೆ ಹೋದೆ. ಮೊದಲ ಸಲ ಕಾಫಿ ಬೇಕೇ ಎಂದು ಕೇಳಿ ಬಂದೆ. ಎರಡನೆಯ ಸಲ ಫ್ಯಾನು ಜೋರು ಮಾಡಿ ಬಂದೆ. ಮೂರನೆಯ ಸಲ ಅವರೇ ತಲೆಯೆತ್ತಿ, ನಿನ್ನ ಫಾರಂ ಟೆಂಡರ್ ತೆರೆದ ದಿನ ನೋಡುತ್ತೇನೆ, ಫೈಲು ಹಿಡಿದು ನೀನೂ ಬಾ, ಕಲಿತ ಹಾಗಾಗುತ್ತದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಫಾರಂ ಕಾಲೇಜಿಗೆ ತಲುಪಲು ಕೊನೆಯ ದಿನವೂ ಅದೇ. ಅಲ್ಲಿಗೆ ಸರಿಹೋಯಿತು.

ಟೆಂಡರ್ ತೆರೆಯುವ ಕೋಣೆಯಲ್ಲಿ ಉದ್ದದ ಮೇಜು, ಮೂವರು ಅಧಿಕಾರಿಗಳು. ನಡುವಿನವರ ಕೈಯಲ್ಲಿ ನಮ್ಮ ಮೂಲಪ್ರತಿ, ಎಡಬಲದವರ ಕೈಯಲ್ಲಿ ಜೆರಾಕ್ಸ್. ನಾನು ಸಾಹೇಬರ ಹಿಂದೆ ಫೈಲಿನ ಮರೆಯಲ್ಲಿ ಕೂತಿದ್ದೆ.

"ಸಾರ್, ಈ ಪೇಜಲ್ಲೇನೋ ಚುಕ್ಕೆ ಇದೆಯಲ್ಲ" ಎಂದರು ಎಡದವರು.

"ನನ್ನದ್ರಲ್ಲೂ ಇದೆ" ಎಂದರು ಬಲದವರು.

ನಡುವಿನವರು ತಮ್ಮ ಪ್ರತಿ ತಿರುವಿದರು. "ನನ್ನದ್ರಲ್ಲಿ ಇಲ್ವಲ್ರೀ."

"ಎಲ್ಲಾ ಪೇಜಲ್ಲೂ ಇದೆ ಸಾರ್. ಅದೇ ಜಾಗದಲ್ಲೇ."

ಟೆಂಡರಿನ ಮೇಲೆ ಗುಟ್ಟಿನ ಗುರುತು ಹಾಕಿದ್ದಾರೆ ಎಂದು ಅನುಮಾನ ಬಂದರೆ ಅದನ್ನು ಪಕ್ಕಕ್ಕೆಸೆಯುತ್ತಾರೆ. ಕೋಣೆ ತುಂಬ ಇದ್ದ ಬೇರೆ ಕಂಪನಿಯವರು ಕತ್ತು ನೀಡಿದರು. ಎತ್ತಿ ಹಿಡಿದ ಪುಟದ ಚುಕ್ಕೆ ನೋಡಿ ಭಾಟಿಯಾ ಸಾಹೇಬರ ಕಿವಿ ಕೆಂಪಾಯಿತು. ಅವರು ಪಾಪ, ಉತ್ತರ ಹೇಳಲು ಏನೂ ಗೊತ್ತಿಲ್ಲದವರು. ಎಲ್ಲರೂ ಅವರನ್ನೇ ನೋಡುತ್ತಿದ್ದರು. ಅದನ್ನು ನನ್ನ ಕೈಲಿ ಸಹಿಸಲಾಗಲಿಲ್ಲ, ಎದ್ದು ನಿಂತೇಬಿಟ್ಟೆ.

"ಸಾರ್, ಅದು ನಂದು ಸಾರ್. ಆಯುಧ ಪೂಜೆಗೆ ಜೆರಾಕ್ಸ್ ಮೆಷಿನ್‌ಗೆ ಬೊಟ್ಟಿಟ್ಟೆ. ಗಾಜಿನ ಮೇಲೆ. ಕೆಲ್ಸ ಮಾಡೋ ಜಾಗಕ್ಕಿಡ್ಬೇಕು ಅಂತ ನಮ್ಮನೇಲಿ..."

ನಡುವಿನ ಅಧಿಕಾರಿ ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಎಡಬಲದವರು ನಕ್ಕರು. ಎದುರಾಳಿ ಕಂಪನಿಗಳೂ ನಕ್ಕವು. "ನಮ್ಮ ಲೇತ್‌ಗೂ ಬೊಟ್ಟಿಡ್ತೀವಿ ಕಣಮ್ಮಾ, ಆದ್ರೆ ತಿರ್ಗೋ ಜಾಗಕ್ಕಿಡಲ್ಲ!" ಎಂದು ಕಣ್ಣೊರೆಸಿಕೊಂಡು, "ಬೊಟ್ಟು ಮುಚ್ಚಿರೋ ಅಕ್ಷರ ಇದ್ರಲ್ಲಿ ಓದ್ಕೊಂಡ್ರಾಯ್ತು. ಮೂಲಪ್ರತಿ ಸರಿಯಾಗಿದೆ. ತಗೊಳ್ರೀ" ಎಂದರು. ಟೆಂಡರ್ ಉಳಿಯಿತು. ಸಾಹೇಬರಿಗೆ ಕನ್ನಡ ಬಾರದು, ಪಕ್ಕದವರು ಅನುವಾದಿಸಿ ಹೇಳಿದರು. ಅವರು ನಗಲಿಲ್ಲ.

ವಾಪಸು ಕಾರಿನಲ್ಲಿ ನಾನು ಫಾರಮ್ಮಿದ್ದ ಫೈಲನ್ನು ಅಪ್ಪಿಕೊಂಡು ಕೂತಿದ್ದೆ. ಜೂನಿಯರ್ ಹುಡುಗಿಯರ ಮುಖಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಹಳೇ ಮದ್ರಾಸ್ ರಸ್ತೆಯ ಸಿಗ್ನಲ್ಲಿನಲ್ಲಿ ಕಾರು ನಿಂತಾಗ ಸಾಹೇಬರು ಕೈ ಚಾಚಿ ಫಾರಂ ಕೇಳಿದರು. ತೊಡೆಯ ಮೇಲಿಟ್ಟುಕೊಂಡು ಏನೋ ಬರೆದರು, ಸಹಿ ಮಾಡಿದರು. ಆಮೇಲೆ ಶುರುವಾಯಿತು ಬೈಗುಳ. ಕಾಗದ ಕಳಿಸುವ ಮೊದಲು ತಿರುಗಿಸಿ ನೋಡಬಾರದೇ, ಅಂದೇ ಬಂದು ಹೇಳಬಾರದಿತ್ತೇ, ತಲೆ ಎಲ್ಲಿಟ್ಟಿದ್ದೆ ಎಂದು ಆಫೀಸು ಬರುವವರೆಗೂ ಇಂಗ್ಲಿಷು, ಹಿಂದಿ ಎರಡರಲ್ಲೂ ಬೈದರು. ಕೊನೆಗೆ ಬೆರಳೆತ್ತಿ ಹೇಳಿದರು: "ಅಂಡ್ ನೆಕ್ಸ್ಟ್ ಇಯರ್, ನಾಟ್ ಆನ್ ದ ಗ್ಲಾಸ್!"

ನೆಕ್ಸ್ಟ್ ಇಯರ್! ನನ್ನ ತರಬೇತಿ ಮುಗಿಯುವುದು ಮೇ ತಿಂಗಳಲ್ಲಿ, ಮುಂದಿನ ಆಯುಧ ಪೂಜೆ ಬರುವುದು ಅಕ್ಟೋಬರಿನಲ್ಲಿ. ಈ ಲೆಕ್ಕವನ್ನು ನಾನು ಅವರಿಗೆ ನೆನಪಿಸಲಿಲ್ಲ. ಬೈಗುಳದ ಉಳಿದ ಭಾಗವೆಲ್ಲ ಕಿಟಕಿಯಿಂದ ಹಾರಿಹೋಯಿತು. ಮುಖ ಮಾತ್ರ ಸಪ್ಪಗೆ ಇಟ್ಟುಕೊಂಡು, ಒಳಗೊಳಗೇ ಕುಣಿಯುತ್ತ "ಎಸ್ ಸರ್" ಎಂದೆ. ನಮ್ಮನ್ನು ಬೇಡವೆಂದವರು ಮರ್ಯಾದೆಯಿಂದ ಮಾತಾಡಿಸಿ ಕಳಿಸಿಕೊಡುತ್ತಾರೆ. ಮುಂದಿನ ವರ್ಷದ ತಪ್ಪಿಗೂ ಈಗಲೇ ಸೇರಿಸಿ ಬೈಯುವವರು ನಮ್ಮವರು.