ಒಳಗೆ ರೊಟ್ಟಿ ಬಡಿಯುತ್ತಿದ್ದವಳು

ಅಥವಾ ಆ ದಿನ ರೊಟ್ಟಿ ಬಡಿಯುವ ಸಪ್ಪಳ ಪಡಸಾಲೆಗೆ ಅಷ್ಟು ಜೋರಾಗಿ ಕೇಳಿಸಿರಲೇ ಇಲ್ಲವೋ ಏನೋ. ಇಷ್ಟು ವರ್ಷ ನೆನೆದು ನೆನೆದು ನಾನೇ ಅದನ್ನು ಜೋರು ಮಾಡಿಕೊಂಡಿರಬಹುದು. ಇಸವಿ ಎಪ್ಪತ್ಮೂರೋ ಎಪ್ಪತ್ನಾಲ್ಕೋ, ಅದೂ ಖಾತ್ರಿಯಿಲ್ಲ. ಇಂಡಿ ಊರಿನ ನಮ್ಮ ಮನೆಗೆ ಬಾಗೇವಾಡಿ ಕಡೆಯವರು ನನ್ನನ್ನು ನೋಡಲು ಬಂದಿದ್ದು ಮಾತ್ರ ಖಾತ್ರಿ. ಮುಂದೆ ಅವರ ಮನೆಯಲ್ಲೇ ನಾನು ಬಾಳಿದೆ.

ನನ್ನ ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ, ಮಾತೂ ಬರುತ್ತಿರಲಿಲ್ಲ. ಕಿವುಡು ರಕ್ತದಲ್ಲಿ ಬರುತ್ತದೆಂದು ಅದಕ್ಕೂ ಮುಂಚೆ ಎರಡು ಕಡೆಯವರು ನನ್ನನ್ನು ಬೇಡವೆಂದಿದ್ದರು. ಈ ಸಲ ಅಕ್ಕನನ್ನು ತೋರಿಸುವುದೇ ಬೇಡವೆಂದಾಯಿತು. ಅವ್ವ ಆಕೆಯನ್ನು ಅಡುಗೆಮನೆಯಲ್ಲಿ ಕೂಡಿಸಿ, ಹೊರಗೆ ಬರಬೇಡ ಎಂದು ಕೈಸನ್ನೆ ಮಾಡಿ, ಬಾಗಿಲು ಮುಂದೆ ಎಳೆದಳು. ಬಂದವರಿಗೆ ಬಿಸಿ ರೊಟ್ಟಿ ಹಾಕಬೇಕು. ಆಕೆಯಷ್ಟು ತೆಳ್ಳಗೆ ಬಡಿಯುವವರು ನಮ್ಮಲ್ಲಿರಲಿಲ್ಲ. ಹಿಟ್ಟಿನ ಬುಟ್ಟಿಯನ್ನೂ ಅವ್ವ ಒಳಗೇ ಇಟ್ಟಳು. ರೊಟ್ಟಿಗೆ ಸಪ್ಪಳ ಇರುತ್ತದೆ ಎಂಬುದು ದಿನವೂ ಅದನ್ನು ಕೇಳುತ್ತಿದ್ದ ನಮಗೆ ಯಾರಿಗೂ ಹೊಳೆಯಲಿಲ್ಲ. ಅಕ್ಕನಿಗಂತೂ ಅದು ಗೊತ್ತಾಗುವ ದಾರಿಯೇ ಇರಲಿಲ್ಲ.

ನಾನು ಅಡುಗೆಮನೆಗೆ ಬೆನ್ನು ಮಾಡಿ ಚಾಪೆಯ ಮೇಲೆ ಕೂತಿದ್ದೆ. ಲಿಂಬೆಹಣ್ಣಿನ ಪಾನಕ ಕೊಟ್ಟಾಗಿತ್ತು. ಆಗ ಒಳಗೆ ಪಟಪಟ ಶುರುವಾಯಿತು.

“ತಾಯಿ-ಮಗಳು ಇಬ್ಬರೂ ಇಲ್ಲೇ ಅದೀರಿ. ಒಳಗ ಯಾರು ಬಡಿಯಾಕತ್ತಾರ್ರಿ?” ವರನ ತಾಯಿ ಕೇಳಿದರು.

ಅಪ್ಪ ಹೇಳಿದ: “ಕೆಲಸದಾಕಿರಿ.”

“ಏನ್ ಕೈ ಐತ್ರಿ ಆಕೀದು! ಜಾತ್ರ್ಯಾಗ ಹಲಗಿ ಬಡದಂಗ ಬಡೀತಾಳ,” ಎಂದರು ವರನ ಸೋದರಮಾವ.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗಲಿಲ್ಲ ಎಂದು ಒಮ್ಮೆ ಬರೆದು ನೋಡಿದೆ, ಸುಳ್ಳೆನಿಸಿ ಹೊಡೆದುಹಾಕಿದೆ. ಒಂದು ಮಾತು ಆಡಿದ್ದರೆ ಸಾಕಿತ್ತು, ಆಕಿ ನಮ್ಮಕ್ಕ ಅಂತ. ಅಪ್ಪನ ಮುಖ ನೋಡಿ, ಖಾಲಿ ಲೋಟಗಳನ್ನು ತಟ್ಟೆಗೆ ಜೋಡಿಸತೊಡಗಿದೆ.

ಸಪ್ಪಳ ಯಾವಾಗಲೋ ನಿಂತಿತ್ತು.

ಉಂಡಾದ ಮೇಲೆ ವರನ ತಾಯಿ ಚೀಲದಿಂದ ಹಸಿರು ಬಣ್ಣದ ಒಂದು ಕುಬಸದ ಖಣ ತೆಗೆದರು. “ರೊಟ್ಟಿ ಕಾಗದದ ಹಾಳಿಯಂಗ ಆಗಿದ್ದುವು ನೋಡ್ರಿ. ಕರೀರಿ ಆಕೀನ, ನನ್ನ ಕೈಯಾರೆ ಕೊಡ್ತೇನಿ.”

“ಆಕಿ ನಾಚತಾಳ್ರಿ. ಮಂದಿ ಮುಂದ ಬರೂದಿಲ್ಲ,” ಎಂದು ಅವ್ವ ತಾನೇ ಇಸಿದುಕೊಂಡಳು.

ಸಂಬಂಧ ಕೂಡಿತು. ಒಮ್ಮೆ ಕೆಲಸದಾಕಿ ಎಂದಾದ ಮೇಲೆ ಮದುವೆಯಲ್ಲಿ ಅಕ್ಕ ಎಂದು ನಿಲ್ಲಿಸುವುದು ಹೇಗೆ? ಮದುವೆ ಬಾಗೇವಾಡಿಯಲ್ಲಿ. “ಮನಿ ಕಾಯಾಕ ಯಾರರೆ ಬೇಕಲ್ಲ,” ಎಂದ ಅಪ್ಪ. ನಾವು ಬಸ್ಸಿಗೆ ಹೊರಟಾಗ ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಆ ಹಸಿರು ಖಣವನ್ನು ತಾನೇ ಹೊಲಿದು ತೊಟ್ಟಿದ್ದಳು. ನನ್ನ ಗಲ್ಲ ಸವರಿ ದೃಷ್ಟಿ ತಾಕದಂತೆ ಲಟಿಕೆ ಮುರಿದಳು. ನಾನು ಅತ್ತುಬಿಟ್ಟೆ. ಎಲ್ಲ ಮದುಮಕ್ಕಳೂ ಅಳುತ್ತಾರೆಂದು ಯಾರೂ ಕಾರಣ ಕೇಳಲಿಲ್ಲ.

ಅತ್ತೆ ಇಂಡಿಗೆ ಬಂದಾಗಲೆಲ್ಲ ಅಕ್ಕ ಕೆಲಸದಾಕಿಯಾಗಿಯೇ ಉಳಿದಳು.

ಅಕ್ಕನಿಗೆ ಅಪ್ಪನ ತುಟಿ ನೋಡಿದರೆ ಮಾತು ತಿಳಿಯುತ್ತಿತ್ತು. ಆ ದಿನ ಸಪ್ಪಳ ನಿಂತದ್ದು ಹಿಟ್ಟು ಮುಗಿದಿದ್ದಕ್ಕೋ, ಆಕೆ ಎದ್ದು ಬಂದು ಬಾಗಿಲ ಸಂದಿಯಿಂದ ಆ ತುಟಿ ನೋಡಿದ್ದಕ್ಕೋ? ನಾನು ಬೆನ್ನು ಮಾಡಿ ಕೂತಿದ್ದೆ. ಆಮೇಲೆ ಆಕೆಯನ್ನು ಕೇಳಲೂ ಇಲ್ಲ. ನನಗೆ ಗೊತ್ತಿಲ್ಲ.