ಶಾಂತಕ್ಕನ ಅನುಮಾನ

ಶಾಂತಕ್ಕ ಯಾರ ಮಾತನ್ನೂ ಮೊದಲ ಸಲಕ್ಕೆ ನಂಬಿದ್ದನ್ನು ನಾನು ಕಂಡಿಲ್ಲ. ಚಹಾ ಕೊಟ್ಟರೆ ಮೂಸಿ ನೋಡುವರು. ಸ್ಟೇಷನ್ನಿನ ಬೋರ್ಡಿನಲ್ಲಿ ಬೊರಿವಲಿ ಎಂದು ಬರೆದಿದ್ದರೂ ಒಳಗೆ ಕೂತ ಇಬ್ಬರನ್ನು ವಿಚಾರಿಸಿಯೇ ಲೋಕಲ್ ರೈಲು ಹತ್ತುವರು. ವಿಜಯಪುರದ ಕಡೆಯವರು. ಕಾಂದಿವಲಿಯ ಶರ್ಟು ಕಾರ್ಖಾನೆಯಲ್ಲಿ ಅವರು ಹೊಲಿಗೆ ಪರೀಕ್ಷಿಸುವ ಚೆಕರ್, ಪಕ್ಕದ ಮೇಜಿನಲ್ಲಿ ಗುಂಡಿ ಹಚ್ಚುವವಳು ನಾನು. ಹೊಲಿದ ತೋಳನ್ನು ಹೆಬ್ಬೆರಳುಗಳಿಂದ ಎಳೆದು, "ಚಂದ ಕಾಣೋದನ್ನ ಮೊದಲ ಜಗ್ಗಿ ನೋಡಬೇಕು, ತಂಗಿ," ಅನ್ನುತ್ತಿದ್ದರು.

ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದಾಗ ನಾನೇ ಆಸ್ಪತ್ರೆಗೆ ಕರೆದೊಯ್ದೆ. ಎಕೋ ಎಂಬ ಹೃದಯದ ಸ್ಕ್ಯಾನ್ ಮಾಡಿಸಿ, ಎದೆಬಡಿತ ಏರುಪೇರಾಗಿದೆ, ಹೃದಯದ ಸ್ನಾಯು ಸೋತಿದೆ, ಹೃದಯ ಹಿಗ್ಗಿದೆ ಎಂದರು ಡಾಕ್ಟರು. ಶಾಂತಕ್ಕ ಒಪ್ಪದೆ ದಾದರಿನಲ್ಲಿ ಇನ್ನೊಂದು ಎಕೋ ಮಾಡಿಸಿದರು. ಹೃದಯ ರಕ್ತ ದೂಡುವ ಬಲದ ಅಂಕಿ ಎರಡರಲ್ಲೂ ಬೇರೆ ಬೇರೆ. ಎರಡೂ ಕಾಗದ ಡಾಕ್ಟರ ಮುಂದಿಟ್ಟು ಇದರಲ್ಲಿ ಸುಳ್ಳು ಯಾವುದು ಎಂದು ಕೇಳಿದರು. ಬಡಿತ ಏರುಪೇರಾದವರಲ್ಲಿ ಬಡಿತದಿಂದ ಬಡಿತಕ್ಕೆ ಅಳತೆ ಬದಲಾಗುತ್ತದೆ, ಹಲವು ಬಡಿತ ಅಳೆದು ಸರಾಸರಿ ಹಿಡಿಯಬೇಕು ಎಂದರು ಅವರು. ಹಾಗಾದರೆ ನನ್ನದು ಎಷ್ಟು ಬಡಿತ ಅಳೆದಿರಿ ಎಂದು ಶಾಂತಕ್ಕ ತಮ್ಮ ಮುರುಕು ಹಿಂದಿಯಲ್ಲಿ ಕೇಳಿದರು. ಡಾಕ್ಟರು ಕಾಗದ ನೋಡಿ, ಸರಾಸರಿ ಹಿಡಿದಿಲ್ಲವೆಂದು ಒಪ್ಪಿಕೊಂಡರು. ಎಕೋ ಮತ್ತೆ ಮಾಡಿಸಿದರು.

ಆ ಗೆಲುವೇ ಮುಳುವಾಯಿತು. ಬಡಿತ ನಿಧಾನಗೊಳಿಸುವ ಗುಳಿಗೆ ತಿಂದರೆ ಸುಸ್ತಾಗುತ್ತಿತ್ತು. ಅದರ ಮೇಲೂ ಅನುಮಾನ ಹುಟ್ಟಿ, ಯಾರಿಗೂ ಹೇಳದೆ ಬಿಟ್ಟರು. ಎರಡು ವಾರದಲ್ಲಿ ಪಾದ ಬಾತು ಚಪ್ಪಲಿ ಹಿಡಿಯದಾಯಿತು. ಗುಳಿಗೆ ಬಿಟ್ಟದ್ದು ತಿಳಿದೂ ಡಾಕ್ಟರು ಬೈಯಲಿಲ್ಲ, ಬೇರೊಂದು ಸ್ಕ್ಯಾನ್ ಬರೆದುಕೊಟ್ಟರು. ಬಡಿತದ ಓಟಕ್ಕೆ ದಣಿದ ಸ್ನಾಯುವಾದರೆ ಚೇತರಿಸಬಹುದು, ಕಲೆಗಟ್ಟಿದ್ದರೆ ಆ ಭಾಗ ಮರಳದು ಎಂದರು.

ರಿಪೋರ್ಟು ಬಂದ ಸಂಜೆ ಅವರ ಚಾಳಿನ ಖೋಲಿಯಲ್ಲಿ ನಾನು ಸಾಲಿನ ಮೇಲೆ ಬೆರಳಾಡಿಸುತ್ತ ಓದಿ ಹೇಳಿದೆ. ಶಾಂತಕ್ಕನಿಗೆ ಇಂಗ್ಲಿಷ್ ಬಾರದು. ಒಂದು ಸಾಲನ್ನು ಓದದೆ ಬಿಟ್ಟು ಬೆರಳು ಕೆಳಗೆ ಸರಿಸಿದೆ. ಅವರು ನನ್ನ ಬೆರಳು ಹಿಡಿದು ಮತ್ತೆ ಆ ಸಾಲಿನ ಮೇಲಿಟ್ಟರು.

"ಇದೊಂದು ಓದಲಿಲ್ಲ ನೀ."

ಅದೇನೂ ದೊಡ್ಡದಲ್ಲ ಅಕ್ಕ ಎಂದೆ.

"ಅಲ್ಲಂದ್ರ ಓದು. ಊರ ಮಂದಿ ಮ್ಯಾಲೆಲ್ಲಾ ಸಂಶೇ ಪಟ್ಟೀನಿ. ನಿನ್ನ ಮ್ಯಾಲ ಪಡೂಹಂಗ ಮಾಡಬ್ಯಾಡ."

ಓದಿದೆ. ಹೃದಯದ ಗೋಡೆ ಹಲವೆಡೆ ಕಲೆಗಟ್ಟಿತ್ತು. ಅವರು ಒಳಗಿದ್ದ, ಇಲ್ಲೇ ಬೆಳೆದು ಕನ್ನಡ ಸರಿಯಾಗಿ ಬಾರದ ಮಗಳನ್ನು ಕರೆದು, ಇವಳಿಗೂ ಹಿಂದಿಯಲ್ಲಿ ಎಲ್ಲ ಹೇಳು, ಏನೂ ಬಿಡಬೇಡ ಎಂದರು. ನಾನು ಹೇಳುತ್ತಿದ್ದಾಗ ಆ ಹುಡುಗಿ ತಾಯಿಯ ಮೊಣಕೈ ಹಿಡಿದೇ ನಿಂತಿದ್ದಳು.

ಆಮೇಲೆ ಶಾಂತಕ್ಕ ಗುಳಿಗೆ ತಪ್ಪಿಸಲಿಲ್ಲ. ಎಂಟು ತಿಂಗಳು ಇದ್ದರು. ಹೆಚ್ಚಿನ ದಿನ ಕೆಲಸಕ್ಕೂ ಬಂದರು. ಅವರು ಹೋದ ದಿನ ನಾನು ಹತ್ತಿರವಿರಲಿಲ್ಲ. ಮಗಳ ಫೋನು ಬಂತು. ನನ್ನನ್ನು ಚಿಕ್ಕಮ್ಮನೆಂದು ಮೌಸಿ ಅನ್ನುತ್ತ, ಯಾವತ್ತೂ ಹಿಂದಿಯಲ್ಲೇ ಮಾತಾಡುತ್ತಿದ್ದ ಹುಡುಗಿ, ಅವತ್ತು ತಡವರಿಸಿ ತಡವರಿಸಿ ಕನ್ನಡದಲ್ಲಿ ಹೇಳಿದಳು.

"ಮೌಸಿ, ಅವ್ವ ಈಗ ಇಲ್ಲ."